ಎರವಲು ತಂದ ಹವ್ಯಾಸ

ನಮ್ಮ ಮನೆಯಲ್ಲಿ ಯಾರಿಗೂ ಹವ್ಯಾಸ ಎಂಬುದು ಇರಲಿಲ್ಲ. ಕೆಲಸ ಇತ್ತು, ಪೂಜೆ ಇತ್ತು, ಜಗಳ ಇತ್ತು, ಭಾನುವಾರದ ಎಣ್ಣೆಸ್ನಾನ ಇತ್ತು. ಈ ನಾಲ್ಕನ್ನು ಮುಗಿಸುವಷ್ಟರಲ್ಲಿ ವಾರವೇ ಮುಗಿದುಹೋಗುತ್ತಿತ್ತು. ರಾಜಾಜಿನಗರದಲ್ಲಿ ಕಾರ್ಖಾನೆಯವರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ ನಮ್ಮದೂ ಒಂದು. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಪಕ್ಕಕ್ಕೆ ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ದಾವಣಗೆರೆ ಕಡೆಯಿಂದ ಬಂದ ಅಜ್ಜಿ ಮುಂದಿನ ಕೋಣೆಯನ್ನು ಪಡಸಾಲೆ ಎನ್ನುತ್ತಿದ್ದಳು; ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಚಿಕ್ಕಪ್ಪ ಹಾಲ್ ಎನ್ನುತ್ತಿದ್ದರು. ಯಾವ ಹೆಸರಿನಿಂದ ಕರೆದರೂ ಅದು ದೊಡ್ಡದಾಗಲಿಲ್ಲ. ಒಂದು ಮಂಚ, ಅಪ್ಪನ ಸೈಕಲ್ಲು, ಜೋಳದ ಡಬ್ಬ, ಗೋಡೆಯಲ್ಲಿ ಪೂಜೆಯ ಗೂಡು, ಗೂಡಿನ ಕೆಳಗೆ ನನ್ನ ಪುಸ್ತಕಗಳು, ಇಷ್ಟಕ್ಕೆ ಅದು ತುಂಬಿಹೋಗುತ್ತಿತ್ತು. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗುವ ಮೊದಲೇ ಅಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು ಕೂತಿರುತ್ತಿದ್ದರು. ಆ ಹೊತ್ತಿನಲ್ಲಿ ಮನೆಯಲ್ಲಿ ಕೇಳುತ್ತಿದ್ದ ಒಂದೇ ಸದ್ದು ಅಡುಗೆಮನೆಯ ಪಂಪ್ ಸ್ಟೋವಿನದು. ಅದು ನಿಂತರೆ ಅಮ್ಮನ ಗೊಣಗಾಟ ಶುರು.

ಸ್ಟೋವಿಗೂ ನನಗೂ ಸಂಬಂಧ ಬೆಳೆದದ್ದು ನನ್ನ ಹತ್ತನೇ ವಯಸ್ಸಿನಲ್ಲಿ. ಅಮ್ಮ ರೊಟ್ಟಿ ತಟ್ಟುತ್ತಿದ್ದಾಗ ಉರಿ ಹಳದಿಯಾಗಿ, ಹೊಗೆಯಾಡಿ, ಉಸ್ಸೆಂದು ಆರಿಹೋಯಿತು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಅವರಿಗೆ ಕೆಟ್ಟ ಯಂತ್ರ ಕಂಡರೆ ಮಕ್ಕಳಿಗೆ ಬೆಲ್ಲ ಕಂಡ ಹಾಗೆ. ಸ್ಟೋವನ್ನು ಹಿತ್ತಲಿಗೆ ಒಯ್ದು, ಗೋಣಿತಾಟು ಹಾಸಿ, ಅದರ ಮುಂದೆ ನನ್ನನ್ನು ಕೂರಿಸಿಕೊಂಡರು.

“ನನ್ನ ಬೆರಳು ದಪ್ಪ, ನಿಂದು ಸಣ್ಣಕಿದೆ. ನಾನು ಹೇಳ್ತೀನಿ, ನೀನು ಬಿಚ್ಚು. ಹೆದರ್ಬೇಡ, ಎಣ್ಣೆ ತೆಗೆದಿದೀನಿ.”

ಬರ್ನರಿನ ನಡುವೆ ಕೂದಲೆಳೆಯಷ್ಟು ಸಣ್ಣ ತೂತಿನ ನಿಪ್ಪಲ್. ಕಸ ಕಟ್ಟಿಕೊಂಡರೆ ಅದನ್ನು ಪಿನ್ನಿನಿಂದ ಬಿಡಿಸಬೇಕು, ಜೋರಾಗಿ ಒತ್ತಿದರೆ ಪಿನ್ನು ಮುರಿದು ಅಲ್ಲೇ ಕೂರುತ್ತದೆ. ಪಂಪಿನ ತುದಿಗೆ ಬಟ್ಟಲಿನ ಆಕಾರದ ಚರ್ಮದ ವಾಷರ್. ಅದು ಒಣಗಿದರೆ ಎಷ್ಟು ಹೊಡೆದರೂ ಗಾಳಿ ಹಿಡಿಯುವುದಿಲ್ಲ. ಎಣ್ಣೆ ಹಾಕಿ ಹೆಬ್ಬೆರಳಿನಿಂದ ಅಂಚನ್ನು ಅಗಲ ಮಾಡಬೇಕು. ಇದನ್ನೆಲ್ಲ ನಾನು ಒಂದೇ ಮಧ್ಯಾಹ್ನದಲ್ಲಿ ಕಲಿತೆ. ಮಗ್ಗಿ ಕಲಿಯಲು ನನಗೆ ಇದರ ಹತ್ತರಷ್ಟು ದಿನ ಹಿಡಿದಿತ್ತು. ಎಲ್ಲ ಜೋಡಿಸಿ ಕಡ್ಡಿ ಗೀರಿದಾಗ ನೀಲಿ ಉರಿ ಬುಸ್ಸೆಂದು ಎದ್ದಿತಲ್ಲ, ಆ ಖುಷಿಯನ್ನು ಈಗಲೂ ಬೇರೆ ಯಾವುದಕ್ಕೂ ಹೋಲಿಸಲಾರೆ. ಮುಂದೆ ಎಷ್ಟೋ ಹೆರಿಗೆ ಮಾಡಿಸಿದ್ದೇನೆ, ಎಷ್ಟೋ ಜೀವ ಉಳಿದದ್ದನ್ನು ಕಂಡಿದ್ದೇನೆ. ಸುಳ್ಳು ಯಾಕೆ ಹೇಳಲಿ, ಮೊದಲ ಸ್ಟೋವು ಮೊದಲ ಸ್ಟೋವೇ.

ಆಮೇಲೆ ಬೀದಿಯಲ್ಲಿ ಸುದ್ದಿಯಾಯಿತು. ಮೊದಲು ಪಕ್ಕದ ಮನೆಯ ಜಯಮ್ಮ ಬಂದರು. ಅವರದು ಮಾಗಡಿ ರಸ್ತೆಯಾಚೆ ಹೊಲಗದ್ದೆ ಇದ್ದ ಗೌಡರ ಮನೆತನ. ಸೌದೆ ಒಲೆ ಬಿಟ್ಟು ಸ್ಟೋವಿಗೆ ಬಂದು ವರ್ಷವೂ ಆಗಿರಲಿಲ್ಲ, ಅದನ್ನು ಕಂಡರೆ ಹಾವು ಕಂಡಂತೆ ಹೆದರುತ್ತಿದ್ದರು. ಅವರ ಹಿಂದೆ ಮತ್ತೊಬ್ಬರು, ಅವರ ಹಿಂದೆ ಇನ್ನೊಬ್ಬರು. ಸ್ಕೂಲಿನಿಂದ ಬರುವಷ್ಟರಲ್ಲಿ ಜಗಲಿಯ ಮೇಲೆ ಎರಡು ಮೂರು ಸ್ಟೋವುಗಳು ರೋಗಿಗಳ ಹಾಗೆ ಕಾಯುತ್ತಿದ್ದವು. ಅಮ್ಮನಿಗೆ ಇದು ಸುತರಾಂ ಹಿಡಿಸಲಿಲ್ಲ.

“ಪ್ರಭಾ, ಕೈ ಮೂಸಿ ನೋಡ್ಕೋ. ಸೀಮೆಎಣ್ಣೆ ಡಿಪೋ ಥರ ನಾರ್ತಾ ಇದೀಯ. ಯಾವನೇ ಕಟ್ಕೋತಾನೆ ನಿನ್ನ?”

“ಸ್ಟೋವ್ ಕೆಟ್ಟಿರೋನು ಯಾವನಾದ್ರೂ ಕಟ್ಕೋತಾನೆ ಬಿಡಮ್ಮ.”

ಬಾಯಿ ಜೋರು ಎಂದು ಬೈಸಿಕೊಳ್ಳುತ್ತಲೇ ನಾನು ಪಿ.ಯು.ಸಿ. ಮುಗಿಸಿದೆ. ಅಂಕಗಳು ಚೆನ್ನಾಗಿ ಬಂದವು, ಡಾಕ್ಟರಾಗಬೇಕು ಎಂದು ಅರ್ಜಿ ಹಾಕಿದೆ, ಇಂಟರ್‌ವ್ಯೂಗೆ ಕಾಗದವೂ ಬಂತು. ಆ ಕಾಲದಲ್ಲಿ ಮೆಡಿಕಲ್ ಸೀಟಿಗೆ ಅಂಕವೊಂದೇ ಸಾಲದು, ಕಮಿಟಿಯ ಮುಂದೆ ಹೋಗಿ ಕೂರಬೇಕಾಗಿತ್ತು. ನನಗಿದ್ದದ್ದು ಇದೊಂದೇ ಅವಕಾಶ. ಸೀಟು ಸಿಗದಿದ್ದರೆ ಬಿ.ಎಸ್ಸಿ., ಅದು ಮುಗಿಯುವ ಮೊದಲೇ ಮದುವೆ. ಅಮ್ಮನ ತವರಿನ ಕಡೆಯ ಗಂಡು ಒಂದು ಗೊತ್ತಾಗಿಯೂ ಇತ್ತು. ಒಳ್ಳೆಯ ಹುಡುಗನೇ, ಪಾಪ, ಆದರೆ ನನಗೆ ಬೇಕಾದದ್ದು ಅವನಲ್ಲ. ಬಿಳಿ ಕೋಟು ಬೇಕು, ಅದು ಬಿಟ್ಟು ಬೇರೇನೂ ಬೇಡ ಎಂದು ಹಟ ಹಿಡಿದು ಕೂತಿದ್ದೆ. ಆಗ ಚಿಕ್ಕಪ್ಪ ಕಚೇರಿಯಿಂದ ಒಂದು ಗುಟ್ಟು ಹೊತ್ತು ತಂದರು. ಕಮಿಟಿಯವರು ಪಾಠ ಅಷ್ಟಾಗಿ ಕೇಳುವುದಿಲ್ಲವಂತೆ, ಹವ್ಯಾಸ ಏನು ಎಂದು ಕೇಳುತ್ತಾರಂತೆ, ಅದಕ್ಕೇ ನಂಬರ್ ಅಂತೆ.

“ಹವ್ಯಾಸನಾ? ಹೆಣ್ಣುಡುಗೀನ ಬೀಡಿ ಸೇದ್ತೀಯೇನು ಅಂತ ಕೇಳ್ತಾರೇನೋ?” ಎಂದಳು ಅಜ್ಜಿ.

“ಅಲ್ಲವ್ವಾ. ಬಿಡುವಾಗಿದ್ದಾಗ ಏನು ಮಾಡ್ತೀಯ ಅಂತ.”

“ಬಿಡುವಿದ್ರೆ ಜೋಳ ಹಸನು ಮಾಡ್ಲಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!”

ಮಂಚದ ಮೇಲೆ ಕೂತಿದ್ದ ಅಪ್ಪ ನಿಧಾನವಾಗಿ ಬಾಯಿ ಬಿಟ್ಟರು.

“ಸ್ಟೋವ್ ರಿಪೇರಿ ಅಂತ ಹೇಳ್ಲಿ. ಇವಳಷ್ಟು ಚೆನ್ನಾಗಿ ನಮ್ಮ ಶಾಪ್‌ನಲ್ಲಿ ಅಪ್ರೆಂಟಿಸ್‌ಗಳೂ ಮಾಡಲ್ಲ.”

“ಅಣ್ಣಾ, ಅದು ಮೆಡಿಕಲ್ ಕಾಲೇಜು. ಸ್ಟೋವು ಗೀವು ಅಂದ್ರೆ ಮೆಕ್ಯಾನಿಕ್ ಅನ್ಕೊಂಡು ಬಾಗಿಲಾಚೆ ಕಳಿಸ್ತಾರೆ. ದೊಡ್ಡ ಮನೆ ಮಕ್ಕಳೆಲ್ಲ ಬಂದಿರ್ತಾರೆ ಅಲ್ಲಿ. ಟೆನ್ನಿಸ್ಸು, ವೀಣೆ, ಇಂಥಾವು ಇರಬೇಕು.”

ಅಪ್ಪ ಸೈಕಲ್ ಚೈನಿಗೆ ಎಣ್ಣೆ ಬಿಡಬೇಕು ಎಂದು ಎದ್ದುಹೋದರು. ಮೆಕ್ಯಾನಿಕ್ ಎಂಬ ಮಾತು ಅವರಿಗೆ ಎಲ್ಲಿ ತಾಗಿತು ಎಂದು ನನಗೆ ಗೊತ್ತಾಗದೇ ಇರಲಿಲ್ಲ. ಆದರೂ ನಾನು ಚಿಕ್ಕಪ್ಪನ ಕಡೆಗೇ ಸೇರಿದೆ. ಸೀಟು ಬೇಕಾಗಿತ್ತು. ಆ ದಿನದ ಬಗ್ಗೆ ನನಗೆ ನಾಚಿಕೆಯಿದೆ, ಇವತ್ತಿಗೂ ಇದೆ.

ವೀಣೆ ಕಲಿಯಲು ವರ್ಷಗಳು ಬೇಕು, ಟೆನ್ನಿಸ್ಸಿಗೆ ಬ್ಯಾಟು ಎಲ್ಲಿಂದ ತರುವುದು? ಎರಡು ದಿನ ತಲೆ ಕೆರೆದುಕೊಂಡು ಚಿಕ್ಕಪ್ಪ ಅಂಚೆಚೀಟಿ ಸಂಗ್ರಹ ಎಂದು ತೀರ್ಮಾನಿಸಿದರು. ಅವರ ಆಫೀಸರ ಮಗನ ಹತ್ತಿರ ದೊಡ್ಡದೊಂದು ಸ್ಟಾಂಪ್ ಆಲ್ಬಂ ಇತ್ತು. ಮೂರು ವಾರದ ಮಟ್ಟಿಗೆ ಅದನ್ನು ಕೇಳಿ, ಹಳದಿ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ತಂದರು. ಮನೆಮಂದಿಯೆಲ್ಲ ಕೈ ತೊಳೆದುಕೊಂಡು ಬಂದು ನೋಡಿದೆವು. ಜಿಂಕೆ, ಹಡಗು, ರಾಣಿಯರು, ಹಿಮದ ಬೆಟ್ಟ. ನನ್ನ ಜ್ಞಾಪಕಶಕ್ತಿಯ ಬಗ್ಗೆ ಹೇಳುವುದಾದರೆ ಅದು ಭಾರಿ ಗಟ್ಟಿ. ಹೆಲ್ವೇಷಿಯಾ ಎಂದು ಬರೆದಿದ್ದರೆ ಸ್ವಿಟ್ಜರ್ಲೆಂಡ್, ಮಗ್ಯಾರ್ ಎಂದಿದ್ದರೆ ಹಂಗೇರಿ, ಸುವೋಮಿ ಎಂದರೆ ಫಿನ್ಲೆಂಡ್. ವಾರದೊಳಗೆ ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಎರವಲು ತಂದ ವಸ್ತುವನ್ನು ತಂದ ಹಾಗೇ ಹಿಂತಿರುಗಿಸುವುದು ನಮ್ಮಲ್ಲಿ ಅವಮಾನ. ಪಕ್ಕದ ಮನೆಯ ಪಾತ್ರೆ ಬಂದರೆ ಹುಣಿಸೆಹಣ್ಣು ಹಚ್ಚಿ ಬೆಳಗಿ, ಒಳಗೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸಬೇಕು. ಕೊಡೆ ತಂದರೆ ಕಡ್ಡಿ ಸರಿಮಾಡಿ ಕೊಡಬೇಕು. ಒಮ್ಮೆ ಜಯಮ್ಮನ ಕಂಬಳಿ ತಂದದ್ದಕ್ಕೆ ಅಮ್ಮ ಅದರ ಅಂಚನ್ನೆಲ್ಲ ಹೊಸದಾಗಿ ಹೊಲಿದಿದ್ದಳು. ಹೀಗಿರುವಾಗ ಒಂದು ಮಧ್ಯಾಹ್ನ ಅಜ್ಜಿ ಆಲ್ಬಂ ಪುಟ ತಿರುಗಿಸುತ್ತಾ ಹೌಹಾರಿದಳು. ಒಂದು ಸ್ಟಾಂಪೂ ಸರಿಯಾಗಿ ಅಂಟಿರಲಿಲ್ಲ! ಪ್ರತಿಯೊಂದರ ಬೆನ್ನಿಗೂ ತೆಳುವಾದ ಕಾಗದದ ಚೂರು, ಅದರ ತುದಿ ಮಾತ್ರ ಪುಟಕ್ಕೆ ಅಂಟಿದೆ, ಊದಿದರೆ ಸ್ಟಾಂಪು ರೆಪ್ಪೆಯ ಹಾಗೆ ಏಳುತ್ತದೆ.

“ಆ ಹುಡುಗನಿಗೆ ಹೇಳೋರು ಕೇಳೋರು ಯಾರೂ ಇಲ್ಲ ಅಂತ ಕಾಣ್ತೈತೆ. ಅರೆಬರೆ ಅಂಟಿಸಿ ಬಿಟ್ಟವ್ನೆ. ಬಸ್ಸಲ್ಲಿ ಉದುರಿ ಹೋದ್ರೆ ಯಾರು ಜವಾಬು?”

ಅಮ್ಮನಿಗೂ ಹೌದೆನಿಸಿತು, ನನಗೂ ಹೌದೆನಿಸಿತು. ಅಮ್ಮ ಮೈದಾ ಅಂಟು ಕುದಿಸಿದಳು, ಹುಳ ಹಿಡಿಯಬಾರದೆಂದು ಚಿಟಿಕೆ ಮೈಲುತುತ್ತ ಹಾಕಿದಳು. ಅಂಗಳದಲ್ಲಿ ಚಾಪೆ ಹಾಸಿಕೊಂಡು ಮೂವರೂ ಕೂತೆವು. ನಾನು ಕಾಗದದ ಚೂರುಗಳನ್ನು ಕಿತ್ತು ಕೊಡುವುದು, ಅಮ್ಮ ಅಂಟು ಸವರುವುದು, ಅಜ್ಜಿ ಸೆರಗಿನಿಂದ ಒತ್ತಿ ಕೂರಿಸುವುದು. ಸಂಜೆಯೊಳಗೆ ಪ್ರಪಂಚದ ಅಷ್ಟೂ ದೇಶಗಳನ್ನು ಅಲ್ಲಾಡದಂತೆ ಅಂಟಿಸಿ, ಆಲ್ಬಮ್ಮಿನ ಮೇಲೆ ಒಳಕಲ್ಲಿನ ಗುಂಡು ಹೇರಿಟ್ಟೆವು. ಚಿಕ್ಕಪ್ಪ ಬಂದು ನೋಡಿ, “ಅಚ್ಚುಕಟ್ಟಾಯ್ತು ಬಿಡಿ ಅತ್ತಿಗೆ, ಸಾಹೇಬರಿಗೆ ಖುಷಿಯಾಗುತ್ತೆ” ಎಂದರು. ಅವರಿಗೂ ನಮ್ಮಷ್ಟೇ ಗೊತ್ತಿತ್ತು ಎಂದಾಯಿತು.

ಭಾನುವಾರ ಮನೆಯಲ್ಲೇ ಕಮಿಟಿ ಕೂರುತ್ತಿತ್ತು. ಮಂಚದ ಮೇಲೆ ಚಿಕ್ಕಪ್ಪ, ಅಜ್ಜಿ, ಅಪ್ಪ. ಎದುರಿಗೆ ಮಣೆಯ ಮೇಲೆ ನಾನು. ನಡುವೆ ಮಂಡಕ್ಕಿ ಒಗ್ಗರಣೆ, ಬಜ್ಜಿಯ ತಟ್ಟೆ. ಚಿಕ್ಕಪ್ಪ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ನಾನು ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದೆ. ಅಜ್ಜಿ, “ಮನೆಗೆ ಬಂದೋರಿಗೆ ಮೊದ್ಲು ನೀರು ಕೊಡ್ತೀಯೋ, ಊಟಕ್ಕೇಳಿ ಅಂತೀಯೋ?” ಎಂಬಂಥ ಪ್ರಶ್ನೆ ಹಾಕಿ ಬಜ್ಜಿಗೆ ಕೈಹಾಕುತ್ತಿದ್ದಳು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

“ನಿಂಗೆ ಅದು ಇಷ್ಟಾನಾ?”

“ಅಣ್ಣಾ, ಇಷ್ಟ ಕಷ್ಟದ ಮಾತಲ್ಲ ಇದು. ಮುಂದಿನ ಪ್ರಶ್ನೆ,” ಎಂದರು ಚಿಕ್ಕಪ್ಪ.

ಇಂಟರ್‌ವ್ಯೂ ದಿನ ಅಜ್ಜಿ ನನ್ನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಅಮ್ಮ ತನ್ನ ಒಂದೇ ಒಂದು ರೇಷ್ಮೆ ಅಂಚಿನ ಸೀರೆಯನ್ನು ಉಡಿಸಿ, ನನ್ನ ಕೈಗೆ ನಿಂಬೆಹಣ್ಣಿನ ಹೋಳು ತಿಕ್ಕಿದಳು, ಸೀಮೆಎಣ್ಣೆ ವಾಸನೆ ಹೋಗಲಿ ಎಂದು. ಚಿಕ್ಕಪ್ಪ ರಜೆ ಹಾಕಿ ಜೊತೆಗೆ ಬಂದರು. ಅಲ್ಲಿನ ಉದ್ದನೆಯ ವರಾಂಡದಲ್ಲಿ ಬೆಂಚುಗಳ ಮೇಲೆ ಕೂತ ಹುಡುಗ ಹುಡುಗಿಯರ ಬಾಯಲ್ಲಿ ಇಂಗ್ಲಿಷು ನೀರಿನ ಹಾಗೆ ಹರಿಯುತ್ತಿತ್ತು. ಒಬ್ಬಳದು ಭರತನಾಟ್ಯವಂತೆ, ಒಬ್ಬನದು ಕುದುರೆ ಸವಾರಿಯಂತೆ. ನನಗೆ ಎದೆ ಡವಡವ ಎನ್ನಲಿಲ್ಲ. ಧೈರ್ಯದ ವಿಷಯದಲ್ಲಿ ನಾನು ಅಜ್ಜಿಯ ಮೊಮ್ಮಗಳು. ಹೆಸರು ಕೂಗಿದಾಗ ಆಲ್ಬಂ ಎತ್ತಿಕೊಂಡು ನೆಟ್ಟಗೆ ಒಳಗೆ ಹೋದೆ.

ಉದ್ದನೆಯ ಮೇಜಿನ ಹಿಂದೆ ನಾಲ್ವರಿದ್ದರು. ನಡುವೆ ಅಧ್ಯಕ್ಷರು, ಅವರ ಪಕ್ಕ ದಪ್ಪ ಕನ್ನಡಕದ ಒಬ್ಬರು, ಈಚೆ ಬದಿಗೆ ಖಾದಿ ಸೀರೆ ಉಟ್ಟ ಡಾಕ್ಟರಮ್ಮ, ಕೊನೆಯಲ್ಲಿ ತಲೆ ಪೂರ್ತಿ ನರೆತ ಒಬ್ಬ ಹಿರಿಯರು, ಅರೆನಿದ್ದೆಯಲ್ಲಿ. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ಹೃದಯಕ್ಕೆ ಎಷ್ಟು ಕೋಣೆ, ತಂದೆಗೆ ಏನು ಕೆಲಸ, ಡಾಕ್ಟರ್ ಯಾಕೆ ಆಗಬೇಕು. ಎಲ್ಲಕ್ಕೂ ಪಟಪಟನೆ ಉತ್ತರ ಕೊಟ್ಟೆ. ಆಮೇಲೆ ಅಧ್ಯಕ್ಷರು ಹವ್ಯಾಸ ಕೇಳಿದರು. ಅಂಚೆಚೀಟಿ ಸಂಗ್ರಹ ಎಂದೆ. ತಕ್ಷಣ ಆ ನರೆತ ತಲೆಯವರಿಗೆ ಎಚ್ಚರವಾಯಿತು. ಅವರು ಬಾಲ್ಯದಿಂದಲೂ ಸ್ಟಾಂಪು ಕೂಡಿಸಿದವರಂತೆ. ಇದು ಚಿಕ್ಕಪ್ಪನ ಗುಟ್ಟಿನಲ್ಲಿ ಸೇರಿರಲಿಲ್ಲ. ಅವರು ಆಸೆಯಿಂದ ಕೈ ಚಾಚಿ ಆಲ್ಬಂ ತೆಗೆದುಕೊಂಡರು. ಒಂದು ಪುಟ ತೆರೆದರು, ಉಗುರಿನ ತುದಿಯಿಂದ ಒಂದು ಸ್ಟಾಂಪಿನ ಅಂಚು ಎತ್ತಲು ನೋಡಿದರು. ಏಳಲಿಲ್ಲ. ಇನ್ನೊಂದು. ಅದೂ ಏಳಲಿಲ್ಲ. ಬಗ್ಗಿ ಮೂಸಿ ನೋಡಿದರು.

“ಇದನ್ನ ಹೀಗೆ ಅಂಟಿಸಿದ್ದು ಯಾರು?”

“ನಾನು, ನಮ್ಮಮ್ಮ, ನಮ್ಮಜ್ಜಿ ಸಾರ್. ಮೈದಾ ಅಂಟು. ಉದುರೋದೇ ಇಲ್ಲ.”

ಹೆಮ್ಮೆಯಿಂದಲೇ ಹೇಳಿದೆ. ಹಿರಿಯರು ಆಲ್ಬಂ ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು. ಮನೆಯಲ್ಲಿ ಸಾವಾದವರ ಮುಖ ಹಾಗಿರುತ್ತದೆ. ಸ್ಟಾಂಪನ್ನು ಪೂರ್ತಿ ಅಂಟಿಸಿದರೆ ಅದು ಸತ್ತ ಹಾಗೆ, ಅದರ ಬೆನ್ನು ನೋಡಲು ಬರಬೇಕು, ತೆಗೆದು ಬೇರೆ ಕಡೆ ಇಡಲು ಬರಬೇಕು, ಅದಕ್ಕೇ ಆ ತೆಳು ಕಾಗದ ಎಂದು ವಿವರಿಸಿದರು. ಒಂದು ದಿನವಾದರೂ ಸ್ಟಾಂಪು ಕೂಡಿಸಿದವರು ಯಾರೂ ಈ ಕೆಲಸ ಮಾಡುವುದಿಲ್ಲ ಎಂದರು. ದಪ್ಪ ಕನ್ನಡಕದವರು ಕಿಸಕ್ಕನೆ ನಕ್ಕರು. ಆಮೇಲೆ ಹಿರಿಯರು ಮೆತ್ತಗೆ ಕೇಳಿದರು, ಈ ಆಲ್ಬಂ ಯಾರದ್ದು ಎಂದು.

ಸೀಟು ಕೈಬಿಟ್ಟು ಹೋಗುತ್ತಿರುವುದು ನನಗೆ ಕಾಣಿಸಿತು. ಚಿಕ್ಕಪ್ಪ ಕೊಟ್ಟರು, ಯಾರೋ ಉಡುಗೊರೆ ಕೊಟ್ಟರು, ಹೀಗೆ ಏನಾದರೂ ಕಟ್ಟಬಹುದಾಗಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವಳಾಗಿ ಆ ನಾಲ್ವರ ಮುಂದೆ ಕೂರಲು ನನಗೆ ಮನಸ್ಸಾಗಲಿಲ್ಲ.

“ನಂದಲ್ಲ ಸಾರ್. ಇಂಟರ್‌ವ್ಯೂಗೆ ಅಂತ ಎರವಲು ತಂದಿದ್ದು.”

ಅಧ್ಯಕ್ಷರು ನನ್ನ ಫೈಲು ಮುಚ್ಚಿದರು. ಅಷ್ಟರಲ್ಲಿ ಡಾಕ್ಟರಮ್ಮ ಮೊದಲ ಸಲ ಬಾಯಿ ಬಿಟ್ಟರು. ಕನ್ನಡದಲ್ಲಿ.

“ಎರವಲು ಯಾಕಮ್ಮ ತಂದೆ? ನಿಂದು ಅಂತ ಏನೂ ಇಲ್ವಾ?”

ಆ ಮಾತಿಗೆ ನನಗೆ ಉರಿದುಹೋಯಿತು. ನನ್ನದು ಏನೂ ಇಲ್ಲವೇ? ಹಿತ್ತಲ ಗೋಣಿತಾಟು, ನಟ್ಟು ಬಿಚ್ಚಲು ಅಪ್ಪ ಕೊಟ್ಟ ಪಾನಾ, ಜಗಲಿಯ ಮೇಲೆ ಕಾಯುವ ಸ್ಟೋವುಗಳು, ಎಲ್ಲವೂ ಒಟ್ಟಿಗೆ ನೆನಪಿಗೆ ಬಂದವು.

“ಇದೆ ಮೇಡಂ. ನಾನು ಸ್ಟೋವ್ ರಿಪೇರಿ ಮಾಡ್ತೀನಿ.”

“ಅದು ಹವ್ಯಾಸಾನಾ?” ಎಂದರು ದಪ್ಪ ಕನ್ನಡಕದವರು.

“ಯಾರೂ ಮಾಡು ಅಂತ ಹೇಳಿಲ್ಲ ಸಾರ್. ಮಾಡಬೇಡ ಅಂತ ದಿನಾ ಬೈತಾರೆ. ಆದ್ರೂ ಮಾಡ್ತೀನಿ. ಅದನ್ನ ಏನಂತಾರೋ ನೀವೇ ಹೇಳಿ.”

ಅವರು ನಗಲು ಹೊರಟವರು ನಿಲ್ಲಿಸಿದರು. ಡಾಕ್ಟರಮ್ಮ ನಗಲೇ ಇಲ್ಲ. ಸುಟ್ಟ ಗಾಯದ ವಾರ್ಡು ಅವರ ಕೈಯಲ್ಲಿತ್ತು ಎಂದು ಆಮೇಲೆ ತಿಳಿಯಿತು. ಸ್ಟೋವು ಯಾಕೆ ಸಿಡಿಯುತ್ತದೆ ಎಂದು ಕೇಳಿದರು. ನಾನು ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ಟ್ಯಾಂಕು ಮಾಡಿಕೊಂಡು ಹೇಳತೊಡಗಿದೆ. ನಿಪ್ಪಲ್ ಕಟ್ಟಿಕೊಂಡಿರುವುದು ಗೊತ್ತಾಗದೆ ಪಂಪು ಹೊಡೆಯುತ್ತಲೇ ಇರುತ್ತಾರೆ. ಉರಿ ಆರುವ ಮುಂಚೆ ಮುಚ್ಚಳ ತೆಗೆದು ಎಣ್ಣೆ ಸುರಿಯುತ್ತಾರೆ. ಹಳೆಯ ಟ್ಯಾಂಕಿನ ಬೆಸುಗೆ ಬಿಟ್ಟಿರುತ್ತದೆ, ಸೋಪು ಹಚ್ಚಿ ಊದಿ ನೋಡಿದರೆ ಗುಳ್ಳೆ ಏಳುತ್ತದೆ, ನೋಡುವವರು ಯಾರು?

“ನಮ್ಮ ವಾರ್ಡಿಗೆ ಬರೋ ಹೆಣ್ಣುಮಕ್ಕಳೆಲ್ಲ ಸ್ಟೋವ್ ಸಿಡೀತು ಅಂತಾನೇ ಹೇಳ್ತಾರೆ,” ಎಂದರು ಡಾಕ್ಟರಮ್ಮ.

“ಎಲ್ಲಾ ಸಿಡಿಯಲ್ಲ ಮೇಡಂ. ನಮ್ಮ ಹಿಂದಿನ ಬೀದಿಯಲ್ಲಿ ಒಬ್ರ ಸೊಸೆ ಸ್ಟೋವ್ ಸಿಡಿದು ತೀರಿಕೊಂಡ್ರು ಅಂದ್ರು. ತಿಂಗಳಾದ್ಮೇಲೆ ಅದೇ ಸ್ಟೋವ್ ರಿಪೇರಿಗೆ ನನ್ನ ಹತ್ರ ಬಂತು. ಬಿಚ್ಚಿ ನೋಡಿದೆ. ಟ್ಯಾಂಕಲ್ಲಿ ಒಂದು ಬಿರುಕಿಲ್ಲ, ಬರ್ನರ್ ನೆಟ್ಟಗಿತ್ತು. ವಾಷರ್ ಒಣಗಿತ್ತು, ಅಷ್ಟೇ.”

ಈ ಮಾತನ್ನು ನಾನು ಅದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ಮನೆಯಲ್ಲಿ ಅಮ್ಮ ಮಾತ್ರ ಆ ಸ್ಟೋವನ್ನು ನೋಡಿ, ನನ್ನ ಮುಖ ನೋಡಿ, ಬೆರಳನ್ನು ತುಟಿಯ ಮೇಲೆ ಇಟ್ಟಿದ್ದಳು. ಡಾಕ್ಟರಮ್ಮ ತಲೆ ತಗ್ಗಿಸಿ ಏನನ್ನೋ ಬರೆದುಕೊಂಡರು. ಹೊರಡುವಾಗ ನರೆತ ತಲೆಯವರು ಆಲ್ಬಂ ಹಿಂದಿರುಗಿಸುತ್ತಾ ಹೇಳಿದ್ದು ಇಷ್ಟು:

“ಅವನ್ನ ತಣ್ಣೀರಲ್ಲಿ ನೆನೆಸಿ ಬಿಡಿಸಮ್ಮ. ಅವಸರ ಮಾಡ್ಬೇಡ.”

ವರಾಂಡದಲ್ಲಿ ಚಿಕ್ಕಪ್ಪ ಬೆಂಚಿನಿಂದ ಎದ್ದು ಓಡಿಬಂದರು. ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

“ಎರವಲು ಅಂತ ಹೇಳಿಬಿಟ್ಯಾ? ಸ್ಟೋವ್ ಅಂತಾನೂ ಹೇಳಿದ್ಯಾ? ಮೂರು ವಾರ ಗಿಳಿಗೆ ಹೇಳಿದ ಹಾಗೆ ಹೇಳಿದ್ನಲ್ಲೇ! ಹೋಯ್ತು, ಸೀಟೂ ಹೋಯ್ತು, ಸಾಹೇಬರ ಆಲ್ಬಮ್ಮೂ ಹೋಯ್ತು.”

ಬಸ್ಸಿನಲ್ಲಿ ಅವರು ಬೇರೆ ಸೀಟಿನಲ್ಲಿ ಕೂತರು. ಮನೆಯಲ್ಲಿ ಅಜ್ಜಿ ತಲೆಯ ಮೇಲೆ ಕೈ ಹೊತ್ತಳು, ಅಮ್ಮ ಒಳಗೆ ಹೋದಳು. ಅಪ್ಪ ಶಿಫ್ಟು ಮುಗಿಸಿ ಬಂದು, ಸೈಕಲ್ಲಿಗೆ ಸ್ಟ್ಯಾಂಡು ಹಾಕುವ ಮೊದಲೇ ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದರು:

“ಬೆಸುಗೆ ಬಿಡೋ ವಿಷಯ ಹೇಳಿದ್ಯಾ? ಸೋಪು ಹಚ್ಚಿ ನೋಡೋದು?”

“ಹೇಳ್ದೆ ಅಪ್ಪಾ.”

“ಸರಿ ಮತ್ತೆ.”

ಅವರು ಮುಖ ತಿರುಗಿಸಿಕೊಂಡರು, ಆದರೆ ನಗುತ್ತಿದ್ದುದು ನನಗೆ ಕಂಡಿತು. ಆಗ ನನಗೆ ಅಳು ಬಂತು. ಸೀಟು ಹೋದರೆ ಹೋಗಲಿ ಎನ್ನಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಸೀಟು ಬೇಕೇ ಬೇಕಾಗಿತ್ತು.

ಮುಂದಿನ ನಾಲ್ಕು ದಿನ ಮನೆಯಲ್ಲಿ ಸ್ಟಾಂಪು ನೆನೆಸುವ ಕೆಲಸ. ಪುಟದ ಹಾಳೆಯನ್ನು ಸ್ಟಾಂಪಿನ ಸುತ್ತ ಕತ್ತರಿಸಿ ಪರಾತದ ನೀರಿನಲ್ಲಿ ಬಿಡುವುದು, ಮೈದಾ ಕರಗಿ ಸ್ಟಾಂಪು ತಾನಾಗಿ ತೇಲುವವರೆಗೆ ಕಾಯುವುದು, ಎತ್ತಿ ಹಳೆಯ ಪಂಚೆಯ ಮೇಲೆ ಹರಡುವುದು. ಹಪ್ಪಳ ಒಣಗಿಸುವ ಹಾಗೆ ಅಜ್ಜಿ ಕೋಲು ಹಿಡಿದು ಕಾಗೆ ಕಾದಳು. ಮೊದಲ ದಿನ ಚಿಕ್ಕಪ್ಪ ಕೋಪದಲ್ಲಿ ಊಟಕ್ಕೂ ಕೂರಲಿಲ್ಲ. ಎರಡನೆಯ ದಿನ ದೂರ ನಿಂತು ನೋಡಿದರು. ಮೂರನೆಯ ದಿನ, “ಹಾಗಲ್ವೇ, ಮೂಲೆಯಿಂದ ಎತ್ತು” ಎಂದು ನನ್ನ ಕೈಯಿಂದ ಕಸಿದುಕೊಂಡರು. ಕೊನೆಗೆ ಹೊಸ ಆಲ್ಬಂ ತಂದು, ತೆಳು ಕಾಗದದ ಚೂರುಗಳನ್ನು ಕತ್ತರಿಸಿ, ಒಂದೊಂದನ್ನೂ ತಾವೇ ಜೋಡಿಸಿ, ಸಾಹೇಬರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡರು. ಸಾಹೇಬರು ನಕ್ಕು ಸುಮ್ಮನಾದರಂತೆ. ಚಿಕ್ಕಪ್ಪನಿಗೆ ಮಾತ್ರ ಆ ಹುಚ್ಚು ಬಿಡಲಿಲ್ಲ, ಸಾಯುವವರೆಗೂ ಸ್ಟಾಂಪು ಕೂಡಿಸಿದರು. ನಮ್ಮ ಮನೆಯಲ್ಲಿ ಹವ್ಯಾಸ ಎಂದು ಕರೆಯಿಸಿಕೊಂಡದ್ದು ಅದೊಂದೇ.

ಕಾಯುವುದು ಎರಡು ತಿಂಗಳಾಯಿತು. ನಡುವೆ ಗಂಡಿನ ಕಡೆಯವರು ಬಂದು ಚಹಾ ಕುಡಿದು ಹೋದರು. ನಾನು ಬಿ.ಎಸ್ಸಿ.ಗೆ ಅರ್ಜಿ ತುಂಬಿದೆ. ಕೊನೆಗೊಂದು ಬೆಳಿಗ್ಗೆ ಪೋಸ್ಟ್‌ಮ್ಯಾನ್ ಉದ್ದನೆಯ ಲಕೋಟೆ ಕೊಟ್ಟುಹೋದ. ಸೀಟು ಸಿಕ್ಕಿತ್ತು. ಬೆಂಗಳೂರಿನಲ್ಲಲ್ಲ, ಹುಬ್ಬಳ್ಳಿಯಲ್ಲಿ. ನಾನು ಕಿರುಚಿದ ರಭಸಕ್ಕೆ ಜಯಮ್ಮ ಏನು ಸಿಡಿಯಿತೋ ಎಂದು ಓಡಿಬಂದರು. ಅಜ್ಜಿ, “ಹುಬ್ಬಳ್ಳಿ ಆದ್ರೆ ಚಿಂತಿಲ್ಲ ಬಿಡು, ರೊಟ್ಟಿ ಸಿಗ್ತೈತೆ” ಎಂದು ಸಕ್ಕರೆ ಹಂಚಲು ಹೊರಟಳು. ಗಂಡಿನ ಕಡೆಯವರಿಗೆ ಅಮ್ಮನೇ ಕಾಗದ ಬರೆದಳು, ಈಗ ಆಗುವುದಿಲ್ಲ ಎಂದು. ಎರಡೇ ಸಾಲು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದೆ. ಜಗಲಿಯಲ್ಲಿ ಜಯಮ್ಮನ ದನಿ ಕೇಳಿಸಿತು, ಸ್ಟೋವು ಗಾಳಿ ಹಿಡಿಯುತ್ತಿಲ್ಲವೆಂದು. ಅಮ್ಮ ಈಗ ಬೈದು ಕಳಿಸುತ್ತಾಳೆ ಎಂದುಕೊಂಡೆ. ಬೈಗುಳ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಹಿತ್ತಾಳೆಗೆ ಪಾನಾ ತಾಗಿದ ಸದ್ದು. ಎದ್ದು ಹೋಗಿ ನೋಡಿದರೆ ಅಮ್ಮ ಗೋಣಿತಾಟಿನ ಮೇಲೆ ಕೂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಪಾದಗಳ ನಡುವೆ ಟ್ಯಾಂಕು ಹಿಡಿದು, ಪಂಪಿನ ಕಡ್ಡಿ ಎಳೆದು, ವಾಷರ್ ಬಿಚ್ಚಿ, ಎಣ್ಣೆ ಹನಿಸಿ, ಹೆಬ್ಬೆರಳಿನಿಂದ ಅದರ ಅಂಚನ್ನು ಅಗಲ ಮಾಡುತ್ತಿದ್ದಳು. ಒಂದು ಕ್ಷಣವೂ ತಡವರಿಸಲಿಲ್ಲ. ನನಗಿಂತ ಹಗುರವಾದ ಕೈ. ನಿಪ್ಪಲನ್ನು ಬೆಳಕಿಗೆ ಹಿಡಿದು ನೋಡಿ, ಪಿನ್ನು ಆಡಿಸಿ, ಎಲ್ಲ ಜೋಡಿಸಿ, ಕಡ್ಡಿ ಗೀರಿದಳು. ನೀಲಿ ಉರಿ ಎದ್ದಿತು. ಜಯಮ್ಮ ಸ್ಟೋವು ಎತ್ತಿಕೊಂಡು ಹೋದರು. ನಾನು ಅಲ್ಲೇ ನಿಂತಿದ್ದೆ.

“ಯಾವಾಗ ಕಲಿತೆಯಮ್ಮ ಇದನ್ನ?”

“ಏಳು ವರ್ಷದಿಂದ ನೀನು ಮಾಡೋದು ನೋಡ್ತಾ ಇಲ್ವಾ?”

“ಮತ್ತೆ ಒಂದು ದಿನಾನೂ ಕೈ ಹಾಕ್ಲಿಲ್ಲ. ನನ್ನ ಬೈತಾನೇ ಇದ್ದೆ.”

ಅಮ್ಮ ಚಿಂದಿ ಬಟ್ಟೆಯಿಂದ ಬೆರಳು ಒಂದೊಂದಾಗಿ ಒರೆಸಿಕೊಂಡಳು. ತಲೆ ಎತ್ತಲಿಲ್ಲ.

“ನಿಮ್ಮಪ್ಪ ನಿನ್ನ ಕರೆದು ಕೂರಿಸ್ಕೊಂಡ್ರು ಕಣೇ. ನನ್ನ ಯಾರು ಕರೆದ್ರು?”